ಕಿಸೆಯಲ್ಲಿ ಮೂರು ಫ್ಯೂಸು

ಮಿಸ್ತ್ರಿಯ ಕೈಗಳಲ್ಲಿ ಹತ್ತೂ ಬೆರಳುಗಳಿದ್ದವು. ಇದೇನು ಹೇಳುವಂಥ ಮಾತೇ ಎಂದು ನಿಮಗೆ ಅನಿಸಬಹುದು. ಪ್ರಿಂಟಿಂಗ್ ಮಷೀನುಗಳ ನಡುವೆ ಬದುಕಿದವರಿಗೆ ಅದು ಹೇಳುವಂಥ ಮಾತೇ. ನಮ್ಮ ಕಡೆ ಹಳೆಯ ಪ್ರೆಸ್ಸುಗಳಲ್ಲಿ ದುಡಿದ ಹಿರಿಯರನ್ನು ನೋಡಿ, ಒಬ್ಬರಿಗೆ ಕಿರುಬೆರಳಿನ ತುದಿ ಇಲ್ಲ, ಇನ್ನೊಬ್ಬರಿಗೆ ಉಗುರು ಇರಬೇಕಾದ ಜಾಗದಲ್ಲಿ ಒಂದು ಗಂಟು. ಮಿಸ್ತ್ರಿಯ ಬೆರಳುಗಳು ಮಾತ್ರ ಉದ್ದಕ್ಕೆ, ನೆಟ್ಟಗೆ, ಯಾರೋ ಎತ್ತಿಟ್ಟು ಕಾಪಾಡಿದಂತೆ ಇದ್ದವು. ಉಗುರಿನ ಸಂದಿಯಲ್ಲಿ ಗ್ರೀಸು ಕೂತಿರುತ್ತಿತ್ತು, ಅಷ್ಟೇ. ಹೊಸ ಪ್ರೆಸ್ಸಿಗೆ ಕಾಲಿಟ್ಟ ಕೂಡಲೇ ಎರಡೂ ಕೈಗಳನ್ನು ಮುಂದೆ ಚಾಚಿ, "ಎಣಿಸ್ಕೊಳ್ರಿ" ಎನ್ನುತ್ತಿದ್ದರು. ಎದುರಿನವರು ನಕ್ಕು ಸುಮ್ಮನಾದರೆ ಬಿಡುತ್ತಿರಲಿಲ್ಲ. ನಿಜಕ್ಕೂ ಎಣಿಸಬೇಕಿತ್ತು. ನಾನೂ ಎಣಿಸಿದ್ದೇನೆ.

ಇನ್ನೊಂದು ಗುರುತು ಅವರ ಅಂಗಿಯ ಎಡಗಡೆ ಕಿಸೆ. ಅದು ಸದಾ ಜೋತು ಬಿದ್ದಿರುತ್ತಿತ್ತು. ಅದರಲ್ಲಿ ದುಡ್ಡೂ ಇರುತ್ತಿರಲಿಲ್ಲ, ಬೀಡಿಯೂ ಇರುತ್ತಿರಲಿಲ್ಲ. ಯಾವುದೇ ಮಷೀನಿಗೆ ಕೈ ಹಾಕುವ ಮೊದಲು ಗೋಡೆಯ ಬೋರ್ಡಿನಿಂದ ಆ ಮಷೀನಿನ ಮೂರು ಬಿಳಿ ಪಿಂಗಾಣಿ ಫ್ಯೂಸುಗಳನ್ನು ಕಿತ್ತು ಆ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಕೆಲಸ ಮುಗಿಯುವವರೆಗೆ ಅವು ಅಲ್ಲೇ ಕಟಕಟ ಎನ್ನುತ್ತಿದ್ದವು. ಸ್ವಿಚ್ ಆರಿಸಿದ್ದೇವಲ್ಲ ಎಂದರೆ, "ಆರಿಸಿದ್ದನ್ನ ಯಾರಾರ ಹಚ್ಚತಾರ. ನನ್ನ ಕಿಸೆದಾಗ ಇದ್ದದ್ದನ್ನ ಯಾರು ಹಚ್ಚತಾರ?" ಎನ್ನುತ್ತಿದ್ದರು. ನಿಂತ ಮಷೀನ ಬೇರೆ, ಸತ್ತ ಮಷೀನ ಬೇರೆ ಎಂಬುದು ಅವರ ಲೆಕ್ಕ. ಕೈ ಹಾಕುವುದಿದ್ದರೆ ಸತ್ತದ್ದಕ್ಕೇ ಹಾಕಬೇಕು.

ಅವರು ಹಗರಿಬೊಮ್ಮನಹಳ್ಳಿಯವರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಲ್ಲಿ ಇನ್ನೂ ಉಸಿರಾಡುತ್ತಿರುವ ಸಣ್ಣ ಪ್ರೆಸ್ಸುಗಳಿಗೆಲ್ಲ ಅವರೊಬ್ಬರೇ ಮಿಸ್ತ್ರಿ. ಮೋಟಾರು ಸುಟ್ಟರೂ ಅವರೇ ಬರಬೇಕು, ಬೇರಿಂಗ್ ಸವೆದರೂ ಅವರೇ. ಹಣೆಗೆ ವಿಭೂತಿ, ಹೆಗಲಿಗೆ ಕ್ಯಾನ್ವಾಸ್ ಚೀಲ, ಬಾಯಿ ತುಂಬ ತಮ್ಮದೇ ಹೊಗಳಿಕೆ. ನಾಲ್ಕೈದು ತಾಲೂಕಿನ ಮಷೀನುಗಳನ್ನು ಹದ್ದುಬಸ್ತಿನಲ್ಲಿಟ್ಟ ಈ ಮನುಷ್ಯನಿಗೆ ಬೈಕು ಓಡಿಸಲು ಬರುತ್ತಿರಲಿಲ್ಲ. ಎರಡು ಚಕ್ರದ ಮೇಲೆ ನಂಬಿಕೆ ಇಲ್ಲ ಎನ್ನುತ್ತಿದ್ದರು. ಬಸ್ಸಿನಲ್ಲೇ ಬರುವುದು, ಬಸ್ಸಿನಲ್ಲೇ ಹೋಗುವುದು. ಬಸ್ಸು ತಡವಾದರೆ ಆ ಸಿಟ್ಟನ್ನು ನಮ್ಮ ಚಹಾದ ಮೇಲೆ ತೀರಿಸಿಕೊಳ್ಳುತ್ತಿದ್ದರು.

ನಮ್ಮದು ಕೊಟ್ಟೂರಿನಲ್ಲಿ ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಪ್ರೆಸ್ಸು. ಮದುವೆ ಕಾರ್ಡು, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ಇಂಥವೇ ಕೆಲಸ. ನಮ್ಮ ಮನೆಯವರು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಾರೆ, ಬಂದವರನ್ನು ಮಾತಾಡಿಸುತ್ತಾರೆ. ದಾವಣಗೆರೆಯಿಂದ ಸೆಕೆಂಡ್‌ಹ್ಯಾಂಡ್ ತಂದ ಆಫ್‌ಸೆಟ್ ಮಷೀನನ್ನು ಓಡಿಸಲು ಒಬ್ಬ ಆಳು ಇದ್ದ. ಅವನೂ ದಾವಣಗೆರೆಯ ದೊಡ್ಡ ಪ್ರೆಸ್ಸಿಗೆ ಹೋದ. ಬೇರೆಯವರು ಸಿಗಲಿಲ್ಲ. ಈಗಿನ ಹುಡುಗರು ಫ್ಲೆಕ್ಸ್ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಮಸಿಯೂ ಇಲ್ಲ, ಸದ್ದೂ ಇಲ್ಲ, ತಲೆಯ ಮೇಲೆ ಎ.ಸಿ. ಇದೆ. ನಮ್ಮ ಮನೆಯವರಿಗೋ ಮಷೀನಿನ ಹತ್ತಿರ ಹೋದರೆ ತಲೆ ತಿರುಗುತ್ತದೆ. ಉಳಿದದ್ದು ಎರಡೇ ದಾರಿ: ಮಷೀನನ್ನು ಗುಜರಿಗೆ ಹಾಕಬೇಕು, ಇಲ್ಲವೇ ನಾನು ಓಡಿಸಬೇಕು. ಗುಜರಿಯವನು ಬಂದು ಅದರ ಸುತ್ತ ಒಂದು ಸುತ್ತು ಹಾಕಿ ಹೋದ ದಿನವೇ ನಾನು ಮಿಸ್ತ್ರಿಗೆ ಫೋನ್ ಮಾಡಿದೆ.

ಹೆಂಗಸು ಎಂದು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಪ್ರೆಸ್ಸಿಗೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಮ್ಮಾರ, ಮಷೀನಿಗೆ ಗಂಡ್ಸು ಹೆಂಗ್ಸು ಗೊತ್ತಾಗಂಗಿಲ್ರಿ. ಸೆರಗು ಗೊತ್ತಾಗತೈತಿ" ಎಂದರು. "ಬಳಿನೂ ಗೊತ್ತಾಗತೈತಿ, ಜಡಿನೂ ಗೊತ್ತಾಗತೈತಿ. ಹೊಲಕ್ಕ ಹೋಗೋ ಹೆಣ್ಮಕ್ಳು ಸೀರಿ ಮ್ಯಾಲ ಗಂಡ್ರ ಅಂಗಿ ಹಾಕ್ಕೋತಾರಲ್ಲ, ಹಂಗ ಹಾಕ್ಕೊಂಡು ಬರ್ರಿ. ಆಮ್ಯಾಲ ಮಾತಾಡೋಣು."

ನಮ್ಮ ಮನೆಯವರ ಹಳೆಯದೊಂದು ನೀಲಿ ಅಂಗಿ ತೊಟ್ಟು, ಸೆರಗನ್ನು ಅದರೊಳಗೆ ಸೇರಿಸಿ, ಜಡೆಯನ್ನು ತುರುಬು ಕಟ್ಟಿ ನಿಂತೆ. ಮಿಸ್ತ್ರಿ ಅದರ ತೋಳನ್ನು ಮೊಣಕೈ ತನಕ ಮಡಚಿಸಿದರು, ಬಳೆ ತೆಗೆಸಿದರು. ನಮ್ಮ ಮನೆಯವರು ಕಂಪ್ಯೂಟರಿನ ಹಿಂದಿನಿಂದ ನೋಡಿ, "ಏನ್ ಹತ್ತಿ ಬಿಡ್ಸಾಕ ಹೊಂಟೀಯೇನು?" ಎಂದರು. ನನಗೆ ಮಷೀನೂ ಉಳಿಯಬೇಕಿತ್ತು, ರೊಟ್ಟಿ ಬಡಿಯುವ ಈ ಕೈಗಳೂ ಉಳಿಯಬೇಕಿತ್ತು. ಎರಡೂ ಒಟ್ಟಿಗೆ ಉಳಿಯುತ್ತವೆಯೇ ಎಂಬುದೇ ನನ್ನ ಚಿಂತೆಯಾಗಿತ್ತು.

ಮೊದಲ ಪಾಠವನ್ನು ಅವರು ಪ್ರೆಸ್ಸಿನಲ್ಲಿ ಮಾಡಲೇ ಇಲ್ಲ. ಬಸ್ ನಿಲ್ದಾಣದ ಎದುರು ಕಬ್ಬಿನ ಹಾಲು ಮಾರುವ ಗಾಡಿಯ ಹತ್ತಿರ ಕರೆದುಕೊಂಡು ಹೋದರು. ಅಂಗಿ ತೊಟ್ಟ ನನ್ನನ್ನು ಊರೆಲ್ಲ ನೋಡುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಗಾಡಿಯವನು ಎರಡು ಉರುಳೆಗಳ ನಡುವೆ ಕಬ್ಬನ್ನು ಇಟ್ಟ, ಅದು ತಾನಾಗಿ ಒಳಗೆ ಹೋಯಿತು.

"ನೋಡ್ರಿ. ಎರಡೂ ಉರುಳಿ ಒಳಕ್ಕ ತಿರುಗೋ ಈ ಕಡಿ ಐತಲ್ಲ, ಇದು ಬಾಯಿ. ಸಿಪ್ಪಿ ಹೊರಗ ಬರೋ ಆ ಕಡಿ ಬೆನ್ನು. ನಿಮ್ಮ ಮಷೀನದಾಗ ಇಂಥವು ಎಷ್ಟು ಜೋಡಿ ಅದಾವು ಹುಡುಕ್ರಿ. ಪ್ರತಿಯೊಂದಕ್ಕೂ ಬಾಯಿ ಎಲ್ಲೈತಿ, ಬೆನ್ನು ಎಲ್ಲೈತಿ ಅಂತ ನನಗ ಹೇಳ್ರಿ. ಬಾಯಿ ಕಡಿ ಒರಸೋ ಬಟ್ಟಿ ಹಿಡಿಯಾಕ ಹೋಗಬಾರ್ದು. ಬಟ್ಟಿ ಹಿಂದ ಕೈ ಹೊಕ್ಕತೈತಿ."

ಎರಡು ಲೋಟ ಕಬ್ಬಿನ ಹಾಲು ಕುಡಿದರು. ನಾನೇ ಕೊಡಿಸಿದೆ. ಆಮೇಲೆ ಬಂದು ಮಷೀನಿನ ಮೈಮೇಲೆಲ್ಲ ಬಾಯಿ ಹುಡುಕಿದೆ. ಮಸಿ ಹಚ್ಚುವ ರೋಲರುಗಳ ನಡುವೆ, ಅಕ್ಷರದ ಪ್ಲೇಟಿಗೂ ಅದರ ಅಚ್ಚನ್ನು ಕಾಗದಕ್ಕೆ ದಾಟಿಸುವ ರಬ್ಬರ್ ಬ್ಲಾಂಕೆಟ್ಟಿಗೂ ನಡುವೆ, ಕಾಗದ ಹಾಯುವ ಜಾಗದಲ್ಲಿ, ಹಲ್ಲಿನ ಚಕ್ರಗಳು ಕೂಡುವ ಕಡೆ. ಅಡುಗೆಮನೆಯಂತೆ ಒರೆಸಿ ಇಟ್ಟಿದ್ದ ಮಷೀನು ಮೈತುಂಬ ಬಾಯಿ ಹೊತ್ತು ನಿಂತಿತ್ತು.

ಅವರು ಕಲಿಸಿದ್ದೆಲ್ಲ ಹೀಗೆಯೇ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸುತ್ತಿದ್ದರು, ಇಷ್ಟು ಕುಗ್ಗಬೇಕು, ಇದಕ್ಕಿಂತ ಬಿಗಿ ಮಾಡಿದರೆ ಬೇರಿಂಗಿಗೆ ಭಾರ. ಬೆಲ್ಟಿಗೂ ಗೇರಿಗೂ ಏನು ವ್ಯತ್ಯಾಸ ಎಂದು ಕೇಳಿದ್ದಕ್ಕೆ, "ಬೆಲ್ಟಿಗೆ ಕರುಣಿ ಐತಿ. ಏನಾರ ಸಿಕ್ಕ್ರ ಜಾರತೈತಿ, ಬಿಡತೈತಿ. ಗೇರಿಗೆ ಅದು ಗೊತ್ತಿಲ್ಲ" ಎಂದಿದ್ದರು. ಮೋಟಾರಿಗೆ ಬರುವ ಮೂರು ತಂತಿಗಳಲ್ಲಿ ಒಂದು ಸತ್ತರೆ ಮೋಟಾರು ತಿರುಗದೆ ಗುಂಯ್‌ಗುಡುತ್ತದೆ, ಆಗ ಬಟನ್ ಒತ್ತಿ ಹಿಡಿದರೆ ಒಳಗೆ ಸುಟ್ಟು ಹೋಗುತ್ತದೆ ಎಂದು ಹೇಳಿ, ಆ ಗುಂಯ್ ಸದ್ದನ್ನು ತಮ್ಮ ಗಂಟಲಲ್ಲೇ ಮಾಡಿ ತೋರಿಸಿದರು. ನಗು ಬಂತು. ಆದರೆ ಆ ಸದ್ದು ನನಗೆ ಮರೆತಿಲ್ಲ.

ಕಲಿಸುವುದು ಕಲಿಸುವುದೇ, ಹೊಗಳುವುದು ಮಾತ್ರ ಇಲ್ಲ. ನಾನು ಮೊದಲ ಸಲ ಎರಡು ಬಣ್ಣದ ಕಾರ್ಡನ್ನು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸಿದಾಗ ಅದನ್ನು ಕೈಗೆ ತೆಗೆದುಕೊಂಡು ನೋಡಿ, "ಚಹಾಕ್ಕ ಸಕ್ಕರಿ ಕಮ್ಮಿ ಆಗೈತಿ" ಎಂದರು. ತಮ್ಮ ತಪ್ಪು ಒಪ್ಪುವುದಂತೂ ಅವರ ಜಾಯಮಾನದಲ್ಲೇ ಇರಲಿಲ್ಲ. ಅಂಥವರ ಜೊತೆ ಏಗುವುದು ಸುಲಭವಲ್ಲ. ನನಗೂ ಬಾಯಿ ಇದೆ, ಸಾಕಷ್ಟು ಸಲ ಜಗಳವಾಡಿದ್ದೇನೆ.

ಒಂದು ಸಲ ನಮ್ಮ ಮಷೀನಿನ ಬೆಲ್ಟ್ ಬದಲಿಸಿ, ಚಹಾ ಕುಡಿದು, ಹಡಗಲಿ ಕಡೆಯ ಬಸ್ಸು ಬಂತೆಂದು ಓಡಿಹೋದರು. ಮಷೀನು ಹಚ್ಚಲು ಹೋದರೆ ಬೋರ್ಡಿನಲ್ಲಿ ಮೂರು ಖಾಲಿ ಗೂಡುಗಳು. ಫ್ಯೂಸುಗಳು ಅವರ ಕಿಸೆಯಲ್ಲಿ ಕೂತು ಬಸ್ಸು ಹತ್ತಿದ್ದವು. ಚಿಗಟೇರಿಯಿಂದ ಮದುವೆ ಕಾರ್ಡಿಗೆ ಬಂದ ಹೆಣ್ಣಿನ ತಂದೆ ಬೆಂಚಿನ ಮೇಲೆ ಕಾಯುತ್ತಿದ್ದರು. ಅಂಗಡಿಯಿಂದ ಹೊಸ ಫ್ಯೂಸು ತಂದೆವು, ನಮ್ಮ ಹಳೆಯ ಬೋರ್ಡಿನಲ್ಲಿ ಅವು ಕೂರಲಿಲ್ಲ. ನಮ್ಮ ಮನೆಯವರು ತಂತಿ ಸುತ್ತಿ ಕೂಡಿಸಿಬಿಡುತ್ತೇನೆ ಎಂದರು. ನಾನು ಫೋನ್ ಮಾಡಿದೆ. ಮಿಸ್ತ್ರಿ ಆಗಲೇ ಹಿರೇಹಡಗಲಿಯಲ್ಲಿದ್ದರು.

"ಮಿಸ್ತ್ರ್ಯಾರ, ಫ್ಯೂಸ್ ನಿಮ್ಮ ಹಂತ್ಯಾಕ ಅದಾವೇನ್ರಿ?"

ಕಟಕಟ ಸದ್ದು ಕೇಳಿಸಿತು. "ಅದಾವ. ಬಸ್ಸು ಲಗೂನ ಬಂದ್ರ ನಾನೇನ್ ಮಾಡ್ಲಿ?" ಎಂದರು. "ತಂತಿ ಗಿಂತಿ ಸುತ್ತಾಕ ಹೋಗಬ್ಯಾಡ್ರಿ ಅಂತ ನಿಮ್ಮ ಯಜಮಾನ್ರಿಗೆ ಹೇಳ್ರಿ. ಕಳಸ್ತೀನಿ."

ಹಳೆಯ ಕಾಗದದಲ್ಲಿ ಸುತ್ತಿದ ಫ್ಯೂಸುಗಳು ಸಂಜೆ ಬಸ್ಸಿನ ಡ್ರೈವರ್ ಕೈಯಲ್ಲಿ ಬಂದವು. ಹೆಣ್ಣಿನ ತಂದೆ ಅಷ್ಟು ಹೊತ್ತಿಗೆ ಬೆಂಚಿನ ಮೇಲೆ ಒಂದು ನಿದ್ದೆ ಮುಗಿಸಿದ್ದರು. ಅವತ್ತಿನಿಂದ ನಮ್ಮ ಮನೆಯವರಿಗೆ ಫ್ಯೂಸು ಕೀಳುವ ಪದ್ಧತಿಯೆಂದರೆ ನಗೆಪಾಟಲಾಯಿತು. ನಾನು ಬ್ಲಾಂಕೆಟ್ ಒರೆಸುವ ಮೊದಲು ಫ್ಯೂಸು ಕೀಳಲು ಹೋದರೆ, "ಹಿರೇಹಡಗಲಿಗೆ ಹೊಂಟ್ಯಾ?" ಎಂದು ಕಿಚಾಯಿಸುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಅದು ಸ್ವಲ್ಪ ಅತಿಯೆನಿಸತೊಡಗಿತ್ತು.

ಬೇಸಿಗೆ ಬಂತು. ನಮ್ಮದು ಊರಂಚಿನ ಲೈನು. ಸುತ್ತಲಿನ ಹೊಲಗಳ ಪಂಪ್‌ಸೆಟ್ಟುಗಳಿಗೆ ಮಧ್ಯಾಹ್ನ ಕರೆಂಟ್ ಕೊಟ್ಟರೆಂದರೆ ನಮಗೆ ವೋಲ್ಟೇಜ್ ಇಳಿಯುತ್ತದೆ. ಗೋಡೆಯ ಮೇಲಿನ ಸ್ಟಾರ್ಟರ್ ಡಬ್ಬಿ ಟಪ್ ಎಂದು ಹಿಡಿತ ಬಿಟ್ಟುಬಿಡುತ್ತದೆ, ಮಷೀನು ಅರ್ಧಕ್ಕೆ ನಿಲ್ಲುತ್ತದೆ, ಒಳಗಿದ್ದ ಕಾಗದ ಹಾಳು. ದಿನಾ ಇದೇ ಆಯಿತು. ನಮ್ಮ ಮನೆಯವರು ಇದಕ್ಕೊಂದು ಉಪಾಯ ಹುಡುಕಿದರು. ಪಂಪ್‌ಸೆಟ್ಟಿನವರು ಮಾಡುವುದನ್ನು ನೋಡಿದ್ದರಂತೆ. ಸ್ಟಾರ್ಟರಿನ ಹಸಿರು ಬಟನ್ನು ಒತ್ತಿ, ಅದು ಹಿಂದಕ್ಕೆ ಬಾರದಂತೆ ಸಂದಿಯಲ್ಲಿ ಏನೋ ಸಿಕ್ಕಿಸಿದರು. ನನಗೆ ಹೇಳಲಿಲ್ಲ. ಮಷೀನು ನಿಲ್ಲದೆ ಓಡಿತು, ನಾನು ಒಳ್ಳೆಯದಾಯಿತು ಎಂದುಕೊಂಡೆ.

ಅದಾದ ಮೇಲೆ ಒಂದು ಮಧ್ಯಾಹ್ನ ಕರೆಂಟೇ ಹೋಯಿತು. ಅದೇ ಹೊತ್ತಿಗೆ ಒಂದು ಕಾಗದ ಹರಿದು ಬ್ಲಾಂಕೆಟ್ಟಿಗೆ ಸುತ್ತಿಕೊಂಡಿತ್ತು. ಕರೆಂಟೇ ಇಲ್ಲವಲ್ಲ, ಫ್ಯೂಸು ಯಾಕೆ ಎಂದು ಮೊಣಕೈ ತನಕ ಕೈ ಒಳಗಿಟ್ಟು ಉಗುರಿನಿಂದ ಕಾಗದ ಬಿಡಿಸುತ್ತಿದ್ದೆ. ಮಿಸ್ತ್ರಿ ಕೂಡ್ಲಿಗಿಯಲ್ಲಿ ಕೆಲಸ ಮುಗಿಸಿ ಊರಿಗೆ ಮರಳುವ ದಾರಿಯಲ್ಲಿ ಚಹಾಕ್ಕೆಂದು ನಮ್ಮಲ್ಲಿ ಇಳಿದಿದ್ದರು. ಬಾಗಿಲಲ್ಲಿ ನಿಂತು ನನ್ನ ತೋಳನ್ನು ನೋಡಿದರು. ಯಾವತ್ತೂ ಚಪ್ಪಲಿ ಹೊರಗೆ ಬಿಟ್ಟು, ಮಷೀನಿಗೆ ಕೈಮುಗಿದು ಒಳಗೆ ಬರುವವರು ಅವತ್ತು ಚಪ್ಪಲಿಯಲ್ಲೇ ಬೋರ್ಡಿನ ಹತ್ತಿರ ಹೋಗಿ ಮೂರೂ ಫ್ಯೂಸು ಕಿತ್ತು ಕಿಸೆಗೆ ಹಾಕಿದರು.

"ಕೈ ಹೊರಗ ತಗೀರಿ."

"ಕರೆಂಟೇ ಇಲ್ಲಲ್ರಿ, ಮಿಸ್ತ್ರ್ಯಾರ."

"ಮೊದ್ಲು ಕೈ."

ಸಿಟ್ಟಿನಿಂದಲೇ ಕೈ ತೆಗೆದೆ. ಬಂದ ತಕ್ಷಣ ದರ್ಬಾರು ಶುರು ಎಂದು ಗೊಣಗುತ್ತಾ ಚಿಂದಿಬಟ್ಟೆಗೆ ಒರೆಸಿಕೊಳ್ಳುತ್ತಿದ್ದೆ. ತಲೆಯ ಮೇಲಿನ ಫ್ಯಾನು ತಿರುಗತೊಡಗಿತು. ದೀಪ ಹತ್ತಿತು. ಕಂಪ್ಯೂಟರು ಕುಂಯ್ ಎಂದಿತು. ಮಷೀನೊಂದೇ ಸುಮ್ಮನೆ ನಿಂತಿತ್ತು.

ಅವರು ಸ್ಟಾರ್ಟರಿನ ಹತ್ತಿರ ಹೋಗಿ ಒಳಕ್ಕೇ ಕೂತಿದ್ದ ಹಸಿರು ಬಟನ್ನಿನ ಸಂದಿಯಿಂದ ಎರಡು ಬೆರಳಲ್ಲಿ ಏನನ್ನೋ ಎಳೆದರು. ಮಡಚಿದ ಮದುವೆ ಕಾರ್ಡಿನ ತುಂಡು. ನಾನೇ ಮುದ್ರಿಸಿದ್ದು. ಬಿಡಿಸಿದರೆ ಒಳಗೆ ಚಿನ್ನದ ಬಣ್ಣದ ಗಣಪತಿ.

"ಯಾರು ಸಿಕ್ಕಿಸಿದ್ದು?" ಎಂದರು. ನಮ್ಮ ಮನೆಯವರು ಎದ್ದು ನಿಂತರು.

"ಈ ಡಬ್ಬಿ ಒಳಗ ಒಂದು ಸುರುಳಿ ಐತ್ರಿ" ಎಂದು ಮಿಸ್ತ್ರಿ ಹೇಳಿದರು. ದನಿ ಏರಿಸಲಿಲ್ಲ. ಸದಾ ಏರಿದ ದನಿಯಲ್ಲೇ ಮಾತಾಡುವವರು ಅವತ್ತು ಮೆಲ್ಲಗೆ ಮಾತಾಡಿದ್ದರಿಂದ ನನಗೆ ಹೆಚ್ಚು ಭಯವಾಯಿತು. "ಕರೆಂಟ್ ಇರೋತನ ಅದು ಹಿಡ್ಕೊಂಡಿರತೈತಿ. ಹೋತಂದ್ರ ಬಿಡತೈತಿ. ತಿರುಗಿ ಕರೆಂಟ್ ಬಂದ್ರ ತಾನಾಗಿ ಹಿಡಿಯಂಗಿಲ್ಲ, ಮನಿಷಾ ಬಂದು ಬಟನ್ ಒತ್ತಬೇಕು. ಯಾಕ? ಒಳಗ ಯಾರದಾರ ಕೈ ಇದ್ದೀತು ಅಂತ. ನೀವು ಮೊದ್ಲ ಒತ್ತಿಟ್ಟೀರಿ."

ಆ ಕಾರ್ಡಿನ ತುಂಡನ್ನು ನಮ್ಮ ಮನೆಯವರ ಅಂಗಿಯ ಕಿಸೆಗೆ ಹಾಕಿ, ಫ್ಯೂಸುಗಳನ್ನು ನನ್ನ ಅಂಗಿಯ ಕಿಸೆಗೆ ಹಾಕಿದರು. "ತಂಗೀ, ಇನ್ನ ಇವು ನಿನ್ನ ಹಂತ್ಯಾಕ ಇರ್ಲಿ" ಎಂದರು. ಅಲ್ಲಿಯವರೆಗೆ ನಾನು ಅವರಿಗೆ ಅಮ್ಮಾರ ಆಗಿದ್ದೆ. ಅವತ್ತು ಚಹಾ ಕುಡಿಯದೆ ಹೋದರು.

ನಾನು ಕಾಗದದ ಬಂಡಲಿನ ಮೇಲೆ ಕೂತೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ನಮ್ಮ ಮನೆಯವರು ನೀರು ತಂದುಕೊಟ್ಟರು, ತೆಗೆದುಕೊಳ್ಳಲಿಲ್ಲ. ಅವರ ಮೇಲೆ ಬಂದ ಸಿಟ್ಟು ಸುಲಭಕ್ಕೆ ಇಳಿಯಲಿಲ್ಲ. ಅವರೂ ಅದಾದ ಮೇಲೆ ಹಿರೇಹಡಗಲಿಯ ಮಾತು ಎತ್ತಲಿಲ್ಲ. ವೋಲ್ಟೇಜಿಗೆ ಪವಾಡವೇನೂ ಆಗಲಿಲ್ಲ. ಪಂಪ್‌ಸೆಟ್ಟಿನ ಹೊತ್ತಿನಲ್ಲಿ ಮಷೀನು ಹಚ್ಚುವುದನ್ನೇ ಬಿಟ್ಟೆವು, ಅಚ್ಚಿನ ಕೆಲಸವೆಲ್ಲ ಬೆಳಿಗ್ಗೆಗೆ ಬಂತು.

ಮತ್ತೊಂದು ಮಳೆಗಾಲದಲ್ಲಿ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರು ಬದಲಿಸಿದರು. ಲೈನ್‌ಮ್ಯಾನ್‌ಗಳು ಹೋದ ಮೇಲೆ ನಾನು ಕೈ ಎಲ್ಲಿಯೂ ಇಡದೆ, ಬಟನ್ ಒಂದು ಕ್ಷಣ ಒತ್ತಿ ಬಿಟ್ಟು ಚಕ್ರವನ್ನಷ್ಟೇ ನೋಡಿದೆ. ಚಕ್ರದ ಮೇಲೆ ಮಿಸ್ತ್ರಿ ಬರೆದ ಕೆಂಪು ಬಾಣ ಒಂದು ಕಡೆ ತೋರಿಸುತ್ತಿತ್ತು, ಚಕ್ರ ಇನ್ನೊಂದು ಕಡೆ ತಿರುಗಿತು. ಫ್ಯೂಸು ಕಿತ್ತು ಕಿಸೆಗೆ ಹಾಕಿ ಫೋನ್ ಮಾಡಿದೆ.

"ಮಿಸ್ತ್ರ್ಯಾರ, ಮಷೀನ ಉಲ್ಟಾ ತಿರುಗಾಕ ಹತ್ತೈತಿ. ಬಾಯಿ ಇದ್ದದ್ದು ಬೆನ್ನಾಗೈತಿ, ಬೆನ್ನು ಬಾಯಾಗೈತಿ."

"ಮೂರು ತಂತಿಯೊಳಗ ಯಾವವಾರ ಎರಡು ಅದ್ಲಿಬದ್ಲಿ ಆಗ್ಯಾವ. ನಾನು ಬರೋತನ ಮುಟ್ಟಬ್ಯಾಡ" ಎಂದರು. ಮರುದಿನ ಬಂದರು, ಎರಡು ತಂತಿ ಬದಲಿಸಿದರು, ಬಾಣವೂ ಚಕ್ರವೂ ಒಂದಾದವು. ಹೊಗಳಲಿಲ್ಲ. ನಾನೂ ಕಾಯಲಿಲ್ಲ. ಚಹಾಕ್ಕೆ ಸಕ್ಕರೆ ಸರಿ ಇದೆ ಎಂದರು.

ಹೋದ ವರ್ಷ ಅವರು ಬರುವುದು ಕಡಿಮೆಯಾಯಿತು. ಕೂತಲ್ಲೇ ಏದುಸಿರು ಬಿಡುತ್ತಿದ್ದರು. ಕೆಲಸ ನನ್ನಿಂದ ಮಾಡಿಸಿ, ತಾವು ಬೆಂಚಿನ ಮೇಲೆ ಕೂತು ತಪ್ಪು ಹಿಡಿಯುತ್ತಿದ್ದರು. ಒಂದು ಬೆಳಿಗ್ಗೆ ನಾನು ಫ್ಯೂಸು ಕಿತ್ತು ರೋಲರು ತೊಳೆಯುತ್ತಿದ್ದಾಗ ಹಡಗಲಿಯ ಪ್ರೆಸ್ಸಿನವರು ಫೋನ್ ಮಾಡಿ, ಮಿಸ್ತ್ರಿ ರಾತ್ರಿ ಹೋಗಿಬಿಟ್ಟರು ಎಂದರು. ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಕೈ ತೊಳೆದು, ಬ್ಯಾಗು ತೆಗೆದುಕೊಂಡು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ನಮ್ಮ ಮನೆಯವರ ಫೋನ್ ಬಂತು. ಹರಪನಹಳ್ಳಿಯಿಂದ ಗೃಹಪ್ರವೇಶದ ಕಾರ್ಡಿಗೆ ಜನ ಬಂದು ಕೂತಿದ್ದಾರೆ, ಅಷ್ಟನ್ನು ತಾವೇ ಹೇಗೋ ಓಡಿಸಿಕೊಡೋಣವೆಂದರೆ ಬೋರ್ಡಿನಲ್ಲಿ ಫ್ಯೂಸು ಇಲ್ಲ.

ಬ್ಯಾಗಿನೊಳಗೆ ಕೈ ಹಾಕಿದೆ. ಮೂರೂ ಅಲ್ಲೇ ಇದ್ದವು. ಅಂಗಿಯ ಕಿಸೆಯಿಂದ ಬ್ಯಾಗಿಗೆ ಯಾವಾಗ ಹಾಕಿಕೊಂಡೆನೋ ನನಗೇ ಗೊತ್ತಿಲ್ಲ.

"ನನ್ನ ಹಂತ್ಯಾಕ ಅದಾವ್ರಿ" ಎಂದೆ.

ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ಇರ್ಲಿ ಬಿಡು. ಇವತ್ತು ಮಷೀನ ನಿಂತಿರ್ಲಿ. ಅವರಿಗೆ ನಾಳೆ ಬರ್ರಿ ಅಂತೀನಿ" ಎಂದರು.

ಮಿಸ್ತ್ರಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ, ತೊಡೆಯ ಮೇಲೆ ಎರಡೂ ಕೈ. ಉಗುರುಗಳನ್ನು ಯಾರೋ ತಿಕ್ಕಿ ತೊಳೆದಿದ್ದರು, ಗ್ರೀಸು ಇರಲಿಲ್ಲ. ಅದೊಂದು ನನಗೆ ಸರಿಯೆನಿಸಲಿಲ್ಲ. ನಾನು ಅವರ ಮನೆಗೆ ಹಿಂದೆ ಹೋದವಳಲ್ಲ, ಅಲ್ಲಿ ಯಾರಿಗೂ ನನ್ನ ಗುರುತಿಲ್ಲ. ಹೆಂಗಸರ ನಡುವೆ ಕೂತಿದ್ದ ಅವರ ಹೆಂಡತಿ ನನ್ನ ಮುಖ ನೋಡಿ, "ಯಾವೂರವ್ವ?" ಎಂದು ಕೇಳಿದರು.

"ಕೊಟ್ಟೂರ್ರಿ. ಪ್ರೆಸ್ಸಿನೋರು."

"ಅಂಗಿ ಹಾಕ್ಕೊಳ್ಳೋ ತಂಗಿ ನೀನೇ ಏನು?"

ಹೌದೆಂದು ತಲೆಯಾಡಿಸಿದೆ. ಅವರು ನನ್ನನ್ನು ಹತ್ತಿರ ಕೂರಿಸಿಕೊಂಡು ನನ್ನ ಎರಡೂ ಕೈಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ಬಸ್ಸಿಳಿದು ಬಂದು ಕೈಕಾಲು ತೊಳಿಯಾಕಿಂತ ಮೊದ್ಲು ಹೇಳೋರು, ಕೊಟ್ಟೂರ ತಂಗಿ ಕೈ ಚಲೋ ಅದಾವು ಅಂತ. ಅದೇನು ಸುದ್ದಿ ಅಂತ ನಾನು ಬೈತಿದ್ದೆ" ಎಂದರು. ಆಮೇಲೆ ರೊಟ್ಟಿ ಬಡಿದು ಗಡುಸಾದ ತಮ್ಮ ಬೆರಳಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಾ ಬಂದರು. ಎಡಗೈಯ ಕಿರುಬೆರಳು ಮುಟ್ಟಿದ ಮೇಲೆ ಗೋಡೆಗೆ ಒರಗಿದ್ದ ಗಂಡನ ಕಡೆ ತಿರುಗಿದರು.

"ಅದಾವ ನೋಡ್ರಿ" ಎಂದು ಅವರಿಗೆ ಹೇಳಿದರು. "ಎಲ್ಲಾ ಅದಾವ."